ಎಡಗೈಯವಳ ಮಚ್ಚು

ಮಾರ್ಚ್ 4, ಸೋಮವಾರ

ಬೆಳಗಿನ ಜಾವ ಕೆಟ್ಟ ಕನಸು ಬಿತ್ತು. ಸಾಣೆಕಲ್ಲಿನ ಮೇಲೆ ಮಚ್ಚು ಉಜ್ಜುತ್ತಿದ್ದೇನೆ, ಉಜ್ಜಿದಷ್ಟೂ ಅದು ದಪ್ಪ ಆಗುತ್ತಾ ಹೋಗುತ್ತಿದೆ. ಮೊದಲು ಹಲಗೆಯಷ್ಟು, ಆಮೇಲೆ ದಿಂಬಿನಷ್ಟು. ಎದುರಿಗೆ ಹದಿನೆಂಟು ಜನ ಕೈ ಚಾಚಿ ನಿಂತಿದ್ದಾರೆ. ಕೊನೆಗೆ ಆ ದಿಂಬನ್ನೇ ಎತ್ತಿ ನಾದಿನಿಯ ಕೈಗೆ ಕೊಟ್ಟೆ. ಅವಳು ನಗುತ್ತಲೇ ತೆಗೆದುಕೊಂಡಳು. ದಿಂಬು ಒದ್ದೆಯಾಗಿತ್ತು. ಯಾಕೆ ಒದ್ದೆ ಅಂತ ನೋಡುವಷ್ಟರಲ್ಲಿ ಎಚ್ಚರ ಆಯಿತು.

ಎದ್ದು ಹೋಗಿ ನೋಡಿದೆ. ನಾದಿನಿ ಮುಂದಿನ ಕೋಣೆಯಲ್ಲಿ, ಮಡಚಿದ ಕಂಬಳಿಯ ಮೇಲೆ ಕಾಲಿಟ್ಟು ಮಲಗಿದ್ದಳು. ಉಸಿರಾಡುತ್ತಿದ್ದಾಳಾ ಅಂತ ಬಗ್ಗಿ ನೋಡಿದೆ. ಕಾಲಿಗೆ ಹೊಲಿಗೆ ಹಾಕಿಸಿಕೊಂಡವಳು ಉಸಿರು ಯಾಕೆ ನಿಲ್ಲಿಸುತ್ತಾಳೆ? ಆದರೂ ನೋಡಿದೆ.

ಶನಿವಾರ ಆಗಿದ್ದು. ಕಾಲುವೆ ದಂಡೆಯಲ್ಲಿ ಜೊಂಡು ಸವರುತ್ತಿದ್ದಾಗ ಅವಳ ಮಚ್ಚು ಜಾರಿ ಅವಳದೇ ಬಲಗಾಲಿಗೆ, ಮೊಣಕಾಲ ಕೆಳಗೆ ಬಿತ್ತು. ಹನ್ನೊಂದು ಹೊಲಿಗೆ. ಮೂಳೆಗೆ ತಾಕಿಲ್ಲ, ಐದು ವಾರ ಕೆಲಸಕ್ಕೆ ಹೋಗಬಾರದು ಅಂದರು ಡಾಕ್ಟರು.

ದಂಡೆ ಸವರುವ ತಂಡದ ಹದಿನೆಂಟು ಮಚ್ಚನ್ನೂ ಮಸೆಯುವವಳು ನಾನು. ಇಪ್ಪತ್ತು ವರ್ಷ ಅತ್ತೆ ಮಾಡುತ್ತಿದ್ದ ಕೆಲಸ. ಅವರಿಗೆ ಕೈ ನಡುಗಲು ಶುರುವಾದ ಮೇಲೆ, ಈಗ ಮೂರು ತಿಂಗಳಿಂದ, ನನಗೆ ಬಂದಿದೆ. ಅಲ್ಲಿಯವರೆಗೆ ನಾನೂ ಬಿಸಿಲಲ್ಲಿ ಜೊಂಡು ಕಡಿಯುತ್ತಿದ್ದೆ. ಈಗ ತಗಡಿನ ಶೆಡ್ಡಿನ ನೆರಳಲ್ಲಿ ಸ್ಟೂಲಿನ ಮೇಲೆ ಕೂರುತ್ತೇನೆ. ಪುಣ್ಯವಂತೆ ಅಂತಾರೆ ಎಲ್ಲರೂ.

ಮಚ್ಚಿನ ಬಗ್ಗೆ ಇನ್ನೂ ಯಾರೂ ಮಾತೆತ್ತಿಲ್ಲ. ಎತ್ತಿಲ್ಲ ಅನ್ನುವುದೇ ನನಗೆ ಭಯ. ಐದನೇ ಕ್ಲಾಸಿಗೆ ಎರಡು ಸಲ ಸೇರಿ ಎರಡು ಸಲ ಬಿಟ್ಟವಳು ನಾನು. ಯಾರಾದರೂ ಜೋರಾಗಿ ಕೇಳಿದರೆ ಗೊತ್ತಿರುವುದೂ ಮರೆತುಹೋಗುತ್ತೆ. ಅದಕ್ಕೇ ಬರೆದಿಟ್ಟುಕೊಳ್ಳುತ್ತೇನೆ, ಏನು ನೋಡಿದೆ, ಏನು ಮಾಡಿದೆ ಅಂತ.

ಮಾರ್ಚ್ 5, ಮಂಗಳವಾರ

ಅವಳ ಮಚ್ಚನ್ನು ಯಾರೋ ತೊಳೆದು ಶೆಡ್ಡಿನ ಮೂಲೆಗೆ ಒರಗಿಸಿದ್ದರು. ಎಲ್ಲರೂ ದಂಡೆಗೆ ಹೋದ ಮೇಲೆ ಬಾಗಿಲು ಮುಂದೆ ಮಾಡಿಕೊಂಡು ನೋಡಿದೆ.

ಮೊಂಡಾದ ಮಚ್ಚಿನ ಬಾಯಿ ಬೆಳಕಿಗೆ ಹಿಡಿದರೆ ಬಿಳಿ ಗೆರೆಯ ಹಾಗೆ ಹೊಳೆಯುತ್ತೆ, ಹರಿತವಾಗಿದ್ದರೆ ಏನೂ ಕಾಣಿಸುವುದಿಲ್ಲ. ಅತ್ತೆ ಹೇಳಿಕೊಟ್ಟ ಮೊದಲ ಪಾಠ ಇದು. ಅವಳ ಮಚ್ಚಿನಲ್ಲಿ ಹಿಡಿಯಿಂದ ತುದಿಯವರೆಗೆ ಗೆರೆ ಇಲ್ಲ. ಹಾಗಾದರೆ ಮೊಂಡಲ್ಲ. ಜಾರುವುದು ಮೊಂಡು ಮಚ್ಚು, ಹರಿತದ್ದು ಕಚ್ಚಿಕೊಳ್ಳುತ್ತೆ ಅಂತಾರೆ. ಮತ್ತೆ ಇದು ಯಾಕೆ ಜಾರಿತು? ಹಿಡಿ ಸಡಿಲ ಇದೆಯಾ ಅಂತ ಅಲ್ಲಾಡಿಸಿದೆ, ಇಲ್ಲ. ಕಬ್ಬಿಣವೇ ಕೆಟ್ಟದ್ದಾ ಅಂತ ಕಲ್ಲಿಗೆ ಬಡಿದು ಕೇಳಿದೆ, ಒಳ್ಳೆ ಸದ್ದು ಬಂತು.

ಅವಳು ಹಿಂದಿನ ಗುರುವಾರ ಏನೋ ಹೇಳಲು ಬಂದಿದ್ದಳು. ಕೆಲಸದ ಗಡಿಬಿಡಿ, ನಾನೂ ಏನೋ ಅಂದೆ. ಅದು ಇಲ್ಲಿ ಬೇಡ.

ಇವರಿಗೆ ನನ್ನ ಮುಖ ನೋಡಿಯೇ ಗೊತ್ತಾಯಿತು. ಪಂಪ್‌ಹೌಸಿನಿಂದ ಬಂದವರು ಕೈ ತೊಳೆಯುತ್ತಾ, ನಿನಗೆ ಚಿಂತೆ ಇಲ್ಲದೆ ಹೋದರೆ ಅದೇ ಒಂದು ಚಿಂತೆ ಅಲ್ವಾ ಅಂದರು. ಕಾಲು ಕೊಯ್ದುಕೊಂಡಿರುವುದು ಇವರದೇ ತಂಗಿ. ಇವರು ಹೇಗೆ ನಗುತ್ತಾರೋ.

ಮಾರ್ಚ್ 7, ಗುರುವಾರ

ಎರಡು ತಪ್ಪು ಸಿಕ್ಕಿತು.

ಒಂದು, ಸಾಣೆಕಲ್ಲಿನ ನಡು ತಗ್ಗಾಗಿದೆ. ಕೈಯಿಟ್ಟು ನೋಡಿದರೆ ಸವೆದ ಮೆಟ್ಟಿಲಿನ ಹಾಗಿದೆ. ಇಂಥ ಕಲ್ಲಿನಲ್ಲಿ ಉಜ್ಜಿದರೆ ಬಾಯಿ ಉರುಟಾಗುತ್ತೆ. ಸಿಮೆಂಟು ಕಟ್ಟೆಯ ಮೇಲೆ ಒದ್ದೆ ಮರಳು ಹರಡಿ ಕಲ್ಲನ್ನು ಬೋರಲು ಹಾಕಿ ಊಟದ ಹೊತ್ತಿನವರೆಗೆ ತಿಕ್ಕಿದೆ. ಈಗ ಸಮ ಇದೆ.

ಎರಡು, ಕಲ್ಲಿಗೆ ಮೊದಲು ಬಾಯಿ ತಿಕ್ಕುವ ಅರದ ಹಲ್ಲುಗಳ ಸಂದಿಯಲ್ಲಿ ಕಬ್ಬಿಣದ ಪುಡಿ ತುಂಬಿದೆ. ಅದಕ್ಕೇ ಅರ ಕಬ್ಬಿಣ ತಿನ್ನದೆ ಬರೀ ನೆಕ್ಕುತ್ತಿತ್ತು. ತಂತಿ ಬ್ರಷ್ಷಿನಿಂದ ತೆಗೆದೆ.

ಖುಷಿಯಲ್ಲಿ ಮನೆಗೆ ಬಂದು ಅತ್ತೆಗೆ ಹೇಳಿದೆ. ಅವರು ಮೀಸೆ ನೋಡಿದೆಯಾ ಅಂತ ಕೇಳಿದರು. ಒಂದು ಮಗ್ಗುಲು ಉಜ್ಜಿದಾಗ ಬಾಯಿಯ ಆಚೆಗೆ ಕೂದಲೆಳೆಯಷ್ಟು ಕಬ್ಬಿಣ ಮಡಚಿಕೊಳ್ಳುತ್ತೆ, ಅದಕ್ಕೆ ಅತ್ತೆ ಮೀಸೆ ಅಂತಾರೆ. ಬೋಳಿಸದೆ ಬಿಟ್ಟರೆ ಬೆರಳಿಗೆ ಹರಿತ ಅನ್ನಿಸುತ್ತೆ, ಮೊದಲನೇ ಏಟಿಗೇ ಮಡಚಿ ಮೊಂಡಾಗುತ್ತೆ. ನೋಡಿದ್ದೆ ಅಂದೆ. ನೋಡಿದ್ದೆನಾ? ಅವತ್ತು ಬೆಳಿಗ್ಗೆ ಹದಿನೆಂಟರಲ್ಲಿ ಅವಳದು ಎಷ್ಟನೆಯದು, ನೆನಪಿಗೆ ಬರುತ್ತಿಲ್ಲ.

ಸಂಜೆ ಮೇಸ್ತ್ರಿ ನಾದಿನಿಯನ್ನು ನೋಡಲು ಬಂದರು. ಕುತ್ತಿಗೆಯಲ್ಲಿ ಯಾವಾಗಲೂ ಸೀಟಿ ನೇತಾಡುತ್ತೆ, ರೋಗಿ ನೋಡಲು ಬರುವಾಗಲೂ. ಅರ್ಧ ಡಜನ್ ಕಿತ್ತಳೆ ಕೊಟ್ಟು, ಚೆನ್ನಾಗಿ ಸುಧಾರಿಸಿಕೋ ಅಂದು, ಮೆಲ್ಲಗೆ ಶುರು ಮಾಡಿದರು. ಮುಂದಿನ ಆರು ತಿಂಗಳ ಕೆಲಸಗಾರರ ಪಟ್ಟಿ ಇಪ್ಪತ್ತನೇ ತಾರೀಕು ಕಚೇರಿಗೆ ಹೋಗುತ್ತಂತೆ. ಅದರಲ್ಲಿ ಅವಳ ಹೆಸರು ಹಾಕುವ ಹಾಗಿಲ್ಲವಂತೆ.

"ನಿನ್ನ ಕೆಲಸದಲ್ಲಿ ತಪ್ಪಿಲ್ಲಮ್ಮ," ಅಂದರು. "ಆದ್ರೆ ಎಡಗೈ ನೋಡು. ಸಾಲಿನಲ್ಲಿ ಎಲ್ಲರೂ ಒಂದು ಕಡೆ ಬೀಸಿದ್ರೆ ನೀನೊಬ್ಬಳು ಇನ್ನೊಂದು ಕಡೆ. ಇವತ್ತು ನಿನ್ನ ಕಾಲು, ನಾಳೆ ಪಕ್ಕದವರದು."

ನಾದಿನಿ ಮಾತಿಗೆ ಮಾತು ಕೊಡುವವಳು. ಇವತ್ತು ಕಿತ್ತಳೆ ಎಣಿಸುತ್ತಾ ಕೂತಳು.

ನಾನು ಒಳಗೆ ನಿಂತು ಎಲ್ಲ ಕೇಳಿಸಿಕೊಂಡೆ. ಮಚ್ಚು ಅನ್ನುವ ಮಾತು ಮೇಸ್ತ್ರಿ ಬಾಯಲ್ಲಿ ಬರಲಿಲ್ಲ. ಅಬ್ಬ ಅನ್ನಿಸಿತು. ಅಬ್ಬ ಅನ್ನಿಸಿದ್ದಕ್ಕೆ ನಾಚಿ, ಕಿತ್ತಳೆಗೆ ಒಂದು ತಟ್ಟೆ ತೆಗೆದೆ.

ಮಾರ್ಚ್ 8, ಶುಕ್ರವಾರ

ಹದಿನೇಳು ಮಚ್ಚು. ಒಂದೊಂದರ ಮೀಸೆಯನ್ನೂ ಎರಡೆರಡು ಸಲ ನೋಡಿದೆ. ದಂಡೆಗೆ ಹೋಗುವುದು ಅರ್ಧ ಗಂಟೆ ತಡವಾಯಿತು ಅಂತ ಬೈಸಿಕೊಂಡೆ.

ಮಾರ್ಚ್ 9, ಶನಿವಾರ

ಇವತ್ತು ಧೈರ್ಯ ಮಾಡಿ ಅವಳ ಮಚ್ಚನ್ನು ದಂಡೆಗೆ ಒಯ್ದೆ. ಅವಳು ಬಿದ್ದ ಜಾಗದಲ್ಲಿ ಬೇಡ ಅನ್ನಿಸಿ ಅಲ್ಲಿಂದ ಆಚೆ ತೂಬಿನ ಹತ್ತಿರ ನಿಂತು ಜೊಂಡು ಕಡಿದೆ. ಹತ್ತು ಏಟು, ಹತ್ತೂ ನೆಟ್ಟಗೆ. ಸೌತೆಕಾಯಿ ಕೊಯ್ದ ಹಾಗೆ ಕೊಯ್ಯುತ್ತೆ. ಮತ್ತೆ ಹತ್ತು ಏಟು ಹಾಕಿದೆ. ಒಂದೂ ಜಾರಲಿಲ್ಲ.

ಮಚ್ಚಿನ ತಪ್ಪಲ್ಲ. ಮಚ್ಚಿನ ತಪ್ಪಲ್ಲ ಅಂದ ಮೇಲೆ ನನ್ನ ತಪ್ಪೂ ಅಲ್ಲ. ಅವಳ ಗಮನ ಎಲ್ಲೋ ಇತ್ತು ಅಂತ ಕಾಣುತ್ತೆ. ಇಲ್ಲದಿದ್ದರೆ ಮೇಸ್ತ್ರಿ ಹೇಳಿದ್ದೇ ನಿಜ ಇರಬಹುದು.

ವಾರದಿಂದ ಇಳಿಯದ ಅನ್ನ ಇವತ್ತು ಇಳಿಯಿತು.

ಮಾರ್ಚ್ 12, ಮಂಗಳವಾರ

ಶೆಡ್ಡಿನಿಂದ ಬಂದಾಗ ನಾದಿನಿ ಹೊಸಿಲ ಹತ್ತಿರ ಕಾಲು ಚಾಚಿಕೊಂಡು ಹುರುಳಿಕಾಯಿ ಕೊಯ್ಯುತ್ತಿದ್ದಳು. ಚಾಕು ಬಲಗೈಯಲ್ಲಿ ಇತ್ತು. ಒಂದು ತುಂಡು ಗಿಡ್ಡ, ಒಂದು ಉದ್ದ, ಅರ್ಧ ನೆಲದ ಮೇಲೆ. ಇದನ್ನ ನೀನು ಕೊಯ್ದೆಯೋ ಇಲಿ ಕಡಿಯಿತೋ ಅಂತ ಅತ್ತೆ ಕೇಳಿದರು.

"ಬಲಗೈಗೆ ಪಾಠ ಹೇಳಿಕೊಡ್ತಿದ್ದೀನಮ್ಮ," ಅಂದಳು. "ಎಡಗೈ ಕೈ ಕೊಡ್ತಲ್ಲ."

ಊಟಕ್ಕೆ ಕೂತಾಗಲೂ ಬಲಗೈಯಲ್ಲೇ ಚಮಚ ಹಿಡಿದಳು. ಬಾಯಿಗೆ ಹೋಗುವುದಕ್ಕಿಂತ ಮಡಿಲಿಗೆ ಬೀಳುವುದೇ ಹೆಚ್ಚು. ಯಾರೂ ನಗಲಿಲ್ಲ.

ತಂಡದವರು ಅವಳನ್ನು ಕನ್ನಡಿ ಅಂತ ಕರೆಯುತ್ತಾರೆ. ಅವಳ ಎದುರು ನಿಂತು ಕಡಿದರೆ ಕನ್ನಡಿ ನೋಡಿಕೊಂಡ ಹಾಗೆ, ನಮ್ಮ ಬಲ ಅವಳ ಎಡ. ಇಬ್ಬರ ನಡುವೆ ಜೊಂಡು ಗೋಡೆ ಬಿದ್ದ ಹಾಗೆ ಬೀಳುತ್ತಿತ್ತು. ಅವಳ ಜೋಡಿ ಆಗಲು ಜನ ಜಗಳ ಆಡುತ್ತಿದ್ದರು. ಸಣ್ಣವಳಿದ್ದಾಗ ಸ್ಕೂಲಿನಲ್ಲಿ ಎಡಗೈಯನ್ನು ಬೆಂಚಿಗೆ ಕಟ್ಟಿ ಹಾಕಿದ್ದರಂತೆ. ಅತ್ತೆ ಹೋಗಿ, ನನ್ನ ಮಗಳು ಕದ್ದಿದ್ದಾಳಾ ಕೊಂದಿದ್ದಾಳಾ ಅಂತ ಕೇಳಿ ತಾವೇ ಹಗ್ಗ ಬಿಚ್ಚಿ ಮನೆಗೆ ಕರೆದುಕೊಂಡು ಬಂದರಂತೆ. ಈಗ ಅವಳೇ ಆ ಕೈಯನ್ನು ಬೆನ್ನ ಹಿಂದೆ ಇಟ್ಟುಕೊಂಡು ಊಟ ಮಾಡುತ್ತಿದ್ದಾಳೆ.

ಮಾರ್ಚ್ 13, ಬುಧವಾರ

ಬೆಳಿಗ್ಗೆ ಹೊರಡುವಾಗ ಅತ್ತೆ ಬಾಗಿಲಿಗೆ ಬಂದರು. ಕನ್ನಡಿಯ ಮಚ್ಚಿಗೆ ಎಡ ಮಗ್ಗುಲಿಗೆ ಎಷ್ಟು ಎಳೆಯುತ್ತೀಯ ಅಂತ ಕೇಳಿದರು. ಎಲ್ಲದಕ್ಕೂ ಎಳೆದಷ್ಟೇ ಅಂದೆ.

"ಅವಳದನ್ನ ನಾನು ಬೇರೆ ಮಾಡ್ತಿದ್ದೆ ಕಣೇ," ಅಂದರು. "ನಿನಗೆ ಹೇಳಿರಲಿಲ್ವಾ?"

ಹೇಳಿದ್ದರೋ ಇಲ್ಲವೋ ನನಗೆ ಗೊತ್ತಿಲ್ಲ. ಹೇಳಿರಲಿಲ್ಲ ಅನ್ನುವ ಮಾತು ನಾಲಿಗೆ ತುದಿಗೆ ಬಂದಿತ್ತು. ಅವರ ಕೈ ನೋಡಿದೆ, ಬಾಗಿಲ ಚೌಕಟ್ಟು ಹಿಡಿದರೂ ನಡುಗುತ್ತಿತ್ತು. ಶೆಡ್ಡಿಗೆ ಬಂದೆ.

ನಾನು ಅರ ಹಿಡಿಯುವ ರೀತಿ ಹೀಗೆ. ಮಚ್ಚಿನ ಬಾಯಿ ಹೊರಗೆ ಮಾಡಿಕೊಂಡು ಬಲ ಮಗ್ಗುಲಿಗೆ ನಲವತ್ತು ಸಲ ಅರ ತಳ್ಳುತ್ತೇನೆ, ಮೈಯಿಂದ ಆಚೆಗೆ. ಎಡ ಮಗ್ಗುಲಿಗೆ ಮಚ್ಚು ತಿರುಗಿಸಿ ಬಾಯಿ ನನ್ನ ಕಡೆ ಮಾಡಿ ಎಳೆಯಬೇಕು, ಹೊಟ್ಟೆಯ ಕಡೆಗೆ. ನನಗೆ ಅದು ಮೊದಲ ದಿನದಿಂದ ಹೆದರಿಕೆ. ಅರ ಜಾರಿದರೆ, ಕೈ ಜಾರಿದರೆ. ಅದಕ್ಕೇ ಐದಾರು ಸಲ ಎಳೆದು, ಮೀಸೆ ಹೋಯಿತಲ್ಲ ಸಾಕು ಅಂತ ಬಿಡುತ್ತೇನೆ.

ಬರೆಯುತ್ತಿದ್ದ ಪೆನ್ನಿನ ಶಾಯಿಯನ್ನೇ ಅವಳ ಮಚ್ಚಿನ ಎರಡೂ ಮಗ್ಗುಲಿಗೆ ಬಳಿದೆ. ಕಲ್ಲಿನ ಮೇಲೆ ಎರಡೆರಡು ಸಲ ಉಜ್ಜಿದೆ. ಬಲಗಡೆ ಬೆರಳಗಲ ಶಾಯಿ ಹೋಗಿ ಕಬ್ಬಿಣ ಕಂಡಿತು. ಎಡಗಡೆ ದಾರದಷ್ಟು ಮಾತ್ರ. ಮೂರು ತಿಂಗಳಲ್ಲಿ ಬಾಯಿಯ ಇಳಿಜಾರು ಪೂರ್ತಿ ಬಲಗಡೆಗೇ ಬಂದಿದೆ. ಎಲ್ಲಾ ಮಚ್ಚೂ ಹಾಗೇ. ಬಲಗೈಯವರಿಗೆ ಅದರಿಂದ ತೊಂದರೆ ಇಲ್ಲ, ಇನ್ನೂ ಚೆನ್ನಾಗಿ ಕಚ್ಚುತ್ತೆ. ನಿನ್ನ ಕೈಗುಣ ಚೆನ್ನಾಗಿದೆ ಅಂತ ಹದಿನೇಳು ಜನ ಹೊಗಳಿದ್ದರು.

ತೂಬಿನ ಹತ್ತಿರ ಹೋಗಿ ಅದೇ ಮಚ್ಚನ್ನು ಎಡಗೈಯಲ್ಲಿ ಹಿಡಿದು ಬೀಸಿದೆ. ಮೊದಲನೇ ಏಟಿಗೇ ಆ ಇಳಿಜಾರು ಜೊಂಡಿಗೆ ತಾಗಿ, ಮಚ್ಚು ಜಾರಿ ನನ್ನ ಬಲಗಾಲಿನ ಪಕ್ಕದಲ್ಲಿ ಮಣ್ಣಿಗೆ ನಾಟಿತು. ಅಲ್ಲೇ ಕೂತುಬಿಟ್ಟೆ.

ಅವಳ ಕಾಲಿಗೆ ಏಟಾಗುವ ಮುಂಚಿನ ಗುರುವಾರದ ಮಾತು ಈಗ ಬರೆಯುತ್ತೇನೆ. ಅವಳು ಶೆಡ್ಡಿನ ಬಾಗಿಲಲ್ಲಿ ನಿಂತು, ಅತ್ತಿಗೆ, ಯಾಕೋ ಮಚ್ಚು ಹೊರಗೆ ಓಡುತ್ತೆ, ಸ್ವಲ್ಪ ನೋಡ್ತೀಯಾ ಅಂದಳು. ನಾಲ್ಕು ಜನ ಹೆಂಗಸರು ಅಲ್ಲಿದ್ದರು. ಹೊಸ ಕೆಲಸ, ಎಲ್ಲರೂ ಹೊಗಳುತ್ತಿದ್ದಾರೆ, ಇವಳೊಬ್ಬಳು ಎಲ್ಲರೆದುರು ಹೀಗೆ ಅಂದಳಲ್ಲ ಅನ್ನಿಸಿತು. ಕುಣಿಯಲು ಬಾರದವಳು ನೆಲ ಡೊಂಕು ಅಂದಳಂತೆ, ಅಂದೆ. ಎಲ್ಲರೂ ನಕ್ಕರು. ಅವಳೂ ನಕ್ಕು ಮಚ್ಚು ಎತ್ತಿಕೊಂಡು ಹೋದಳು. ಶುಕ್ರವಾರ ಅದೇ ಮಚ್ಚಿನಲ್ಲಿ ಇಡೀ ದಿನ ಕಡಿದಳು. ಶನಿವಾರ ಹತ್ತು ಗಂಟೆಯವರೆಗೆ ಕಡಿದಳು.

ಮಾರ್ಚ್ 14, ಗುರುವಾರ

ಹೇಳಬೇಕು. ಯಾರಿಗೆ ಮೊದಲು?

ಮಾರ್ಚ್ 15, ಶುಕ್ರವಾರ

ಹೊಲಿಗೆ ಬಿಚ್ಚಿಸಲು ಅವಳನ್ನು ಕರೆದುಕೊಂಡು ಹೋಗಿದ್ದೆ. ನರ್ಸು ಒಂದೊಂದೇ ದಾರ ಎಳೆಯುವಾಗ ನನ್ನ ಕೈ ಹಿಡಿದುಕೊಂಡಳು, ಅದೂ ಬಲಗೈಯಲ್ಲಿ. ದಾರಿಯಲ್ಲಿ ಹೇಳೋಣ ಅಂದುಕೊಂಡಿದ್ದೆ. ಅವಳು ತಾನೇ ಶುರು ಮಾಡಿ, ಪಟ್ಟಿಯಲ್ಲಿ ಹೆಸರಿಲ್ಲದೆ ಹೋದರೆ ಎಲ್ಲಾದರೂ ನೆಲ ಒರೆಸುವ ಕೆಲಸ ನೋಡುತ್ತೇನೆ, ಒರೆಸುವ ಬಟ್ಟೆಗೆ ಎಡ ಬಲ ಇಲ್ಲವಲ್ಲ ಅತ್ತಿಗೆ ಅಂದಳು. ನಾನು ನಗಲು ಹೋದೆ. ಮನೆ ಬಂತು.

ಮಾರ್ಚ್ 18, ಸೋಮವಾರ

ಮೇಸ್ತ್ರಿಗೆ ಹೇಳಿದೆ.

ಶನಿವಾರ, ಭಾನುವಾರ ಎರಡೂ ದಿನ ಅವಳ ಮುಂದೆ ಕೂತು ಎದ್ದು, ಕೂತು ಎದ್ದು ಆಯಿತು. ಅವಳ ಮುಖ ನೋಡಿದರೆ ಮಾತು ಹೊರಡುವುದಿಲ್ಲ. ಬುಧವಾರ ಪಟ್ಟಿ ಹೋಗುತ್ತೆ. ಅದಕ್ಕೇ ಇವತ್ತು ಮಚ್ಚು, ಶಾಯಿ ಎರಡೂ ತೆಗೆದುಕೊಂಡು ಸೀದಾ ಮೇಸ್ತ್ರಿ ಟೇಬಲ್ಲಿನ ಮುಂದೆ ನಿಂತೆ. ತಪ್ಪು ಅವಳ ಕೈಯದಲ್ಲ, ನಾನು ಮಸೆದಿದ್ದು ಅಂದೆ. ಅವರಿಗೆ ಅರ್ಥ ಆಗಲಿಲ್ಲ. ಹೊರಗೆ ಕರೆದುಕೊಂಡು ಹೋಗಿ ಎಡಗೈಯಲ್ಲಿ ಬೀಸಿ ಅಂದೆ. ಕಾಲು ಹಿಂದೆ ಇಟ್ಟುಕೊಳ್ಳಿ ಅಂತಲೂ ಅಂದೆ. ಬೀಸಿದರು, ಜಾರಿತು, ಸೀಟಿ ಹೋಗಿ ಬೆನ್ನಿಗೆ ನೇತಾಡಿತು. ಬಲಗೈಯಲ್ಲಿ ಬೀಸಿದರು, ಕಡಿಯಿತು. ಮೂರು ಸಲ ಹಾಗೇ ಮಾಡಿದರು.

"ನಿಮ್ಮನ್ನ ಯಾರೂ ಕೇಳಿರಲಿಲ್ಲವಲ್ಲಮ್ಮ," ಅಂದರು.

ಅವಳು ಮೊದಲೇ ಬಂದು ಹೇಳಿದ್ದಳು, ನಾನು ಆಡಿಕೊಂಡು ಕಳಿಸಿದೆ ಅಂತಲೂ ಹೇಳಿದೆ. ಅದನ್ನು ಹೇಳಬೇಕು ಅಂದುಕೊಂಡಿರಲಿಲ್ಲ, ಬಂದುಬಿಟ್ಟಿತು.

ಪಟ್ಟಿಯಲ್ಲಿ ಅವಳ ಹೆಸರು ನನ್ನೆದುರಿಗೇ ಬರೆದರು. ನನಗೆ ಇನ್ನು ಅರ್ಧ ದಿನ ದಂಡೆ, ಅರ್ಧ ದಿನ ಮಸೆಯುವುದು. ಯಾರ ಮಚ್ಚೋ ಅವರೇ ನೋಡಿ, ಒಂದು ಕಡ್ಡಿ ಕಡಿದು, ಸರಿ ಅಂದ ಮೇಲೆಯೇ ಶೆಡ್ಡಿನಿಂದ ಹೊರಗೆ ಹೋಗಬೇಕು. ಸರಿ ಅಂದೆ.

ಮಾರ್ಚ್ 19, ಮಂಗಳವಾರ

ನಾನು ಮನೆಗೆ ಬರುವಷ್ಟರಲ್ಲಿ ತಂಡದ ಇಬ್ಬರು ಹೆಂಗಸರು ಬಂದು ಎಲ್ಲ ಹೇಳಿ ಹೋಗಿದ್ದರು. ಒಳ್ಳೆ ಸುದ್ದಿ ಅಂತಲೇ ಬಂದಿದ್ದರಂತೆ.

ನಾದಿನಿ ಗೋಡೆಗೆ ಒರಗಿ ಕೂತಿದ್ದಳು. ನಾನು ಚಪ್ಪಲಿ ಬಿಡುವಾಗ ತಲೆ ಎತ್ತಿದಳು.

"ಮೇಸ್ತ್ರಿ ಹತ್ರ ಹೇಳೋಕೆ ಆಯ್ತು ನಿನಗೆ. ನಾವು ಒಂದೇ ತಟ್ಟೆಯಲ್ಲಿ ಕಿತ್ತಳೆ ತಿಂದ್ವಿ. ನಾನು ಈ ಕೈಗೆ ಬೈದಿದ್ದನ್ನೆಲ್ಲ ಪಕ್ಕದಲ್ಲಿ ಕೂತು ಕೇಳಿಸ್ಕೊಂಡೆ."

ನಿನ್ನೆಯೇ ಹೇಳಬೇಕಿತ್ತು ಅಂದೆ. ನಿನ್ನೆ ಅಲ್ಲ, ಹದಿಮೂರಕ್ಕೇ ಹೇಳಬೇಕಿತ್ತು. ಅದಕ್ಕಿಂತ ಮುಂಚೆ, ಆ ಗುರುವಾರ ಒಂದು ಸಲ ಮಚ್ಚು ಕೈಗೆ ತೆಗೆದುಕೊಂಡು ನೋಡಿದ್ದರೆ ಹೇಳಲು ಏನೂ ಇರುತ್ತಿರಲಿಲ್ಲ. ಎರಡು ನಿಮಿಷದ ಕೆಲಸ.

ಮಾರ್ಚ್ 24, ಭಾನುವಾರ

ನನ್ನ ಜೊತೆ ಮಾತಿಲ್ಲ. ಹೇಳಬೇಕಾದ್ದನ್ನೆಲ್ಲ ಅತ್ತೆಯ ಮೂಲಕ ಹೇಳುತ್ತಾಳೆ. ಅಮ್ಮ, ನಿನ್ನ ಸೊಸೆಗೆ ಹೇಳು ಹಾಲು ಉಕ್ಕುತ್ತಿದೆ. ಹಾಲು ನನ್ನ ಎದುರಿಗೇ ಉಕ್ಕುತ್ತಿರುತ್ತೆ. ನಾನೇನು ಈ ಮನೆ ಅಂಚೆಯವಳಾ ಅಂತ ಅತ್ತೆ ರೇಗಿದರು. ಆಮೇಲೆ ನನ್ನ ಕಡೆ ತಿರುಗಿ, ಹಾಲು ಉಕ್ಕುತ್ತಿದೆಯಂತೆ ಅಂದರು.

ಇವರು ಇಬ್ಬರ ನಡುವೆ ಬರುವುದಿಲ್ಲ. ಒಮ್ಮೆ ಮಾತ್ರ, ಅವಳು ಎಡಗೈಯಲ್ಲಿ ಊಟ ಮಾಡುತ್ತಿದ್ದಾಳೆ ನೋಡಿದೆಯಾ ಅಂತ ಕೇಳಿದರು. ನೋಡಿದ್ದೆ.

ಮಾರ್ಚ್ 27, ಬುಧವಾರ

ಅವಳ ಮಚ್ಚು ಸರಿ ಮಾಡುವ ಕೆಲಸ ಶುರು. ಬಾಯಿಯನ್ನು ನಡುವಿಗೆ ತರಬೇಕು, ನಡು ದಾಟಿಸಿ ಕೂದಲೆಳೆಯಷ್ಟು ಆಚೆಗೂ ಕೊಂಡೊಯ್ಯಬೇಕು. ವೆಲ್ಡಿಂಗ್ ಅಂಗಡಿಯ ಚಕ್ರಕ್ಕೆ ಹಿಡಿದರೆ ಹತ್ತು ನಿಮಿಷದಲ್ಲಿ ಆಗುತ್ತೆ. ಆದರೆ ಕಾದು ನೀಲಿಯಾದರೆ ಕಬ್ಬಿಣದ ಹದ ಹೋಗುತ್ತೆ, ಮತ್ತೆ ಬರುವುದಿಲ್ಲ ಅಂದರು ಅತ್ತೆ. ಕೈಯಲ್ಲೇ ಮಾಡುತ್ತೇನೆ. ಎಡ ಮಗ್ಗುಲಿಗೆ ನೂರ ಇಪ್ಪತ್ತು ಎಳೆತ.

ಬೆಳಿಗ್ಗೆ ದಂಡೆ. ಬೆನ್ನು ಹಿಡಿದುಕೊಂಡಿದೆ.

ಏಪ್ರಿಲ್ 1, ಸೋಮವಾರ

ನೂರೈವತ್ತು ಎಳೆತ. ಶಾಯಿ ಹಾಕಿ ನೋಡಿದೆ, ಎಡಗಡೆ ಬೆರಳಗಲ ಹೋಗುತ್ತಿದೆ. ತುದಿಯ ಹತ್ತಿರ ಇನ್ನೂ ಕಡಿಮೆ. ಮಧ್ಯಾಹ್ನ ಗಾಳಿ ಜೋರಾಗಿತ್ತು, ತಗಡು ಬಡಿದುಕೊಳ್ಳುತ್ತಿತ್ತು.

ಏಪ್ರಿಲ್ 5, ಶುಕ್ರವಾರ

ಅತ್ತೆಯನ್ನು ಶೆಡ್ಡಿಗೆ ಕರೆದುಕೊಂಡು ಬಂದಿದ್ದೆ. ಬೆರಳು ನಡುಗುತ್ತೆ ಅಂತ ಮಚ್ಚನ್ನು ಕೆನ್ನೆಯ ಹತ್ತಿರ ಹಿಡಿಸಿಕೊಂಡು ಕಣ್ಣಿನಲ್ಲೇ ನೋಡಿದರು. ಆಮೇಲೆ, ನಿನಗೆ ನಾನು ಹೇಳಿರಲಿಲ್ಲ, ಈಗ ಜ್ಞಾಪಕಕ್ಕೆ ಬಂತು, ನನ್ನದೇ ಮರೆವು ಅಂದರು. ಹೇಳಿದ್ದಿರಿ ಅತ್ತೆ, ನಾನೇ ಕೇಳಿಸಿಕೊಂಡಿರಲಿಲ್ಲ ಅಂದೆ.

ಯಾವುದು ನಿಜ ಅಂತ ಇಬ್ಬರಿಗೂ ಗೊತ್ತಿಲ್ಲ.

ಏಪ್ರಿಲ್ 8, ಸೋಮವಾರ

ಇವತ್ತು ಅವಳು ಕೆಲಸಕ್ಕೆ ಬಂದಳು. ಎಲ್ಲರಿಗಿಂತ ಹಿಂದೆ ನಡೆದು ಬಂದಳು, ಬಲಗಾಲು ಸ್ವಲ್ಪ ಎಳೆಯುತ್ತೆ. ಚಳಿಗಾಲದಲ್ಲಿ ನೋಯುತ್ತೆ, ಅದು ಇನ್ನು ಇರುವುದೇ ಅಂದಿದ್ದಾರೆ ಡಾಕ್ಟರು.

ಉಳಿದವರೆಲ್ಲ ತಮ್ಮ ತಮ್ಮ ಮಚ್ಚು ನೋಡಿ ತೆಗೆದುಕೊಂಡು ಹೋದರು. ಕೆಲವರು ನೋಡಿದ ಹಾಗೆ ಮಾಡಿದರು ಅಷ್ಟೇ. ಅವಳು ಕೊನೆಗೆ ಉಳಿದಳು. ಶೆಡ್ಡಿನಲ್ಲಿ ನಾವಿಬ್ಬರೇ. ಮಚ್ಚನ್ನು ಎರಡೂ ಕೈಯಲ್ಲಿ ಹಿಡಿದು ಕೊಟ್ಟೆ.

ಅವಳು ಅದನ್ನು ಬಾಗಿಲ ಬೆಳಕಿಗೆ ಒಯ್ದಳು. ಒಂದು ಮಗ್ಗುಲು ನೋಡಿದಳು, ತಿರುಗಿಸಿ ಇನ್ನೊಂದು ಮಗ್ಗುಲು ನೋಡಿದಳು. ಉಗುರಿನ ಮೇಲೆ ಇಟ್ಟು ನೋಡಿದಳು. ಹೊರಗೆ ಹೋಗಿ ಎಡಗೈಯಲ್ಲಿ ಒಂದು ಜೊಂಡು ಕಡಿದಳು, ಕಾಲು ಬಹಳ ದೂರ ಇಟ್ಟುಕೊಂಡು. ಹಿಂದೆ ಹಾಗೆ ನಿಲ್ಲುತ್ತಿರಲಿಲ್ಲ. ಕಡಿಯಿತು. ಇನ್ನೊಂದು ಕಡಿದಳು.

ವಾಪಸು ಬಂದು ಮಚ್ಚನ್ನು ನನ್ನ ಮಡಿಲ ಹತ್ತಿರ ಹಿಡಿದಳು. ಅತ್ತಿಗೆ ಅನ್ನಲಿಲ್ಲ. ಆದರೆ ನನಗೇ ಹೇಳಿದಳು, ನನ್ನ ಮುಖ ನೋಡಿಯೇ.

"ಹಿಡಿ ಹತ್ತಿರ, ಎಡಗಡೆ. ಇನ್ನೊಂದು ಸಲ ನೋಡು."